ಸಾವರಿನ್ ಯಾರದು? ಶಿವನಸಮುದ್ರದ ಕರೆಂಟಿನಿಂದ ಪೆಟ್ರೋಲ್ ಬಂಕಿನವರೆಗೆ ಒಂದು ಲೆಕ್ಕ

ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ

 

ಇವತ್ತು ಒಂದು ಪದದಿಂದ ಶುರು ಮಾಡೋಣ. ಸವರನ್. ಒಡವೆ ಮಾತು ಬಂದಾಗ ಹಳೇ ಕಾಲದವರು ಈಗಲೂ ‘ಆ ಸರ ಎಷ್ಟು ಸವರನ್?’ ಅಂತ ಕೇಳೋದುಂಟು. ಒಂದು ಸವರನ್ ಅಂದ್ರೆ ಎಂಟು ಗ್ರಾಂ. ಈ ಪದ ಬಂದಿದ್ದು ‘ಸಾವರಿನ್’ ಅನ್ನೋ ಬ್ರಿಟಿಷ್ ಚಿನ್ನದ ನಾಣ್ಯದಿಂದ. ಆ ನಾಣ್ಯದ ತೂಕ ಹೆಚ್ಚುಕಡಿಮೆ ಎಂಟು ಗ್ರಾಂ ಇತ್ತು, ಅದೇ ನಮ್ಮ ಅಕ್ಕಸಾಲಿಗರ ಅಳತೆ ಆಯ್ತು.

ಆದ್ರೆ ಇಂಗ್ಲಿಷಿನಲ್ಲಿ ಸಾವರಿನ್ ಅಂದ್ರೆ ದೊರೆ ಅಂತಲೂ ಅರ್ಥ. ನಮ್ಮ ಸಂವಿಧಾನದ ಪೀಠಿಕೆಯಲ್ಲಿ ‘ಸಾರ್ವಭೌಮ’ ಅಂತ ಇದೆಯಲ್ಲ, ಇಂಗ್ಲಿಷ್ ಪ್ರತಿಯಲ್ಲಿ ಅಲ್ಲಿರೋದೂ ಇದೇ ಪದ. ಅಧಿಕಾರಕ್ಕೂ ನಾಣ್ಯಕ್ಕೂ ಒಂದೇ ಹೆಸರು. ಯಾಕೆ ಅನ್ನೋದು ಅರ್ಥ ಆದ್ರೆ, ದಿನಾ ಬೆಳಿಗ್ಗೆ ನ್ಯೂಸಲ್ಲಿ ಬರೋ ಕಚ್ಚಾತೈಲ, ಡಾಲರ್, ರೂಪಾಯಿ ಕುಸಿತ, ಇವೆಲ್ಲ ಅರ್ಧ ಅರ್ಥ ಆದ ಹಾಗೆ.

ಇಡೀ ಸಂಚಿಕೆಯಲ್ಲಿ ಎರಡೇ ಪ್ರಶ್ನೆ ಇಟ್ಕೊಳ್ಳಿ. ಒಂದು: ನಿಮ್ಮ ಚಕ್ರ ತಿರುಗಿಸೋ ಶಕ್ತಿ ಎಲ್ಲಿಂದ ಬರುತ್ತೆ? ಎರಡು: ಅದರ ಬಿಲ್ಲನ್ನ ಯಾರ ದುಡ್ಡಿನಲ್ಲಿ ಕಟ್ತೀರಾ? ಈ ಎರಡಕ್ಕೂ ಉತ್ತರ ಹುಡುಕೋಕೆ ಮೊದಲು ಸೌದಿಗೆ ಹೋಗೋದು ಬೇಡ. ಮಂಡ್ಯ, ಮದ್ದೂರು, ಮಳವಳ್ಳಿ ಸಾಕು.

ಪಟ್ಟಣದ ಟಂಕಸಾಲೆ

ನಾವು ದುಡ್ಡಿಗೆ ‘ಹಣ’ ಅಂತೀವಲ್ಲ, ಅದು ಮೊದಲು ಒಂದು ನಾಣ್ಯದ ಹೆಸರು. 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಟಂಕಸಾಲೆ ಇಟ್ಟು ಪುಟಾಣಿ ಚಿನ್ನದ ನಾಣ್ಯ ಹೊರಡಿಸಿದ್ರು. ಅದೇ ಕಂಠೀರವ ಹಣ. ಬೆರಳ ತುದಿಯಲ್ಲಿ ಕೂರೋಷ್ಟು ಚಿಕ್ಕದು. ಆದ್ರೆ ಸಂದೇಶ ದೊಡ್ಡದು: ಈ ಸೀಮೆಯಲ್ಲಿ ಸುಂಕ, ಕಂದಾಯ ಯಾವ ನಾಣ್ಯದಲ್ಲಿ ಕಟ್ಟಬೇಕು ಅಂತ ಹೇಳೋರು ನಾವು.

ನೂರೈವತ್ತು ವರ್ಷ ಆದ್ಮೇಲೆ ಟಿಪ್ಪು ಸುಲ್ತಾನ್ ಇದನ್ನ ಇನ್ನೊಂದು ಹೆಜ್ಜೆ ಮುಂದೆ ತಗೊಂಡು ಹೋದ. ಆ ಕಾಲದಲ್ಲಿ ದೆಹಲಿಯ ಮೊಗಲ್ ಬಾದಶಾಹನ ಕೈಯಲ್ಲಿ ಸೈನ್ಯ ಇರಲಿಲ್ಲ, ಖಜಾನೆಯೂ ಇರಲಿಲ್ಲ. ಆದ್ರೂ ನಾಣ್ಯದ ಮೇಲೆ ಅವನ ಹೆಸರು ಹಾಕೋದು ವಾಡಿಕೆ. ಈಸ್ಟ್ ಇಂಡಿಯಾ ಕಂಪನಿಯವರು ಕೂಡ ಎಷ್ಟೋ ದಶಕ ಷಾ ಆಲಂ ಹೆಸರಿನಲ್ಲೇ ರೂಪಾಯಿ ಹೊಡೆದ್ರು. ಟಿಪ್ಪು ಆ ಹೆಸರನ್ನ ಹಾಕಲಿಲ್ಲ. ಇದನ್ನ ಅವತ್ತಿನವರು ರಾಜಕೀಯ ಘೋಷಣೆ ಅಂತಲೇ ಓದಿದ್ರು.

1799ರಲ್ಲಿ ಪಟ್ಟಣ ಬಿತ್ತು. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನೇ ಕೈಗೆ ತಗೊಂಡ್ರು. 1881ರಲ್ಲಿ ಒಡೆಯರಿಗೆ ರಾಜ್ಯ ವಾಪಸ್ ಕೊಟ್ಟಾಗ ಒಂದು ಒಪ್ಪಂದ ಪತ್ರ ಬರೆದುಕೊಟ್ಟರು. ಅದರಲ್ಲಿ ಎರಡು ಷರತ್ತು ನಮಗೆ ಮುಖ್ಯ. ಒಂದು, ಪ್ರತಿ ವರ್ಷ ಬ್ರಿಟಿಷ್ ಸರ್ಕಾರಕ್ಕೆ ಪೊಗದಿ ಕಟ್ಟಬೇಕು. ಅದನ್ನ ಹಿಂದಿನ 24.5 ಲಕ್ಷ ರೂಪಾಯಿಯಿಂದ 35 ಲಕ್ಷಕ್ಕೆ ಏರಿಸಿದ್ರು, ಏರಿಕೆ 1896ರಿಂದ ಜಾರಿಗೆ ಬಂತು. ಎರಡು, ಮೈಸೂರು ರಾಜ್ಯದಲ್ಲಿ ನಡೆಯೋದು ಬ್ರಿಟಿಷ್ ಇಂಡಿಯಾದ ನಾಣ್ಯ, ನಿಂತುಹೋಗಿರೋ ಮೈಸೂರಿನ ಸ್ವಂತ ನಾಣ್ಯವನ್ನ ಮತ್ತೆ ಶುರು ಮಾಡೋ ಹಾಗಿಲ್ಲ.

ಸಿಂಹಾಸನ ಸಿಕ್ತು, ದಸರಾ ಸಿಕ್ತು, ಟಂಕಸಾಲೆ ಮಾತ್ರ ಸಿಗಲಿಲ್ಲ.

ಬ್ಲಫ್‌ನ ಕರೆಂಟು ಎಲ್ಲಿಗೆ ಹೋಯ್ತು?

ಈಗ ಮಳವಳ್ಳಿ ಕಡೆ ಬನ್ನಿ. ಶಿವನಸಮುದ್ರದ ಪವರ್‌ ಸ್ಟೇಷನ್ ಇರೋ ಜಾಗಕ್ಕೆ ನಮ್ಮ ಕಡೆ ಇವತ್ತಿಗೂ ‘ಬ್ಲಫ್’ ಅಂತಾರೆ. ಜಲಪಾತ ನೋಡೋಕೆ, ರೀಲ್ಸ್ ಮಾಡೋಕೆ ನೀವೆಲ್ಲ ಹೋಗಿರ್ತೀರಾ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜನೆ ಶುರುವಾಗಿ, 1902ರ ಜೂನ್‌ನಲ್ಲಿ ಅಲ್ಲಿ ಕರೆಂಟು ಹರಿಯಿತು. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು, ಟರ್ಬೈನ್ ಸ್ವಿಟ್ಜರ್‌ಲ್ಯಾಂಡಿನ ಎಷರ್ ವಿಸ್ ಕಂಪನಿಯವು.

ಆ ಕರೆಂಟು ಮಳವಳ್ಳಿಗೆ ಬಂತಾ? ಇಲ್ಲ. ಮೈಸೂರು ಅರಮನೆಗಾ? ಅದೂ ಇಲ್ಲ. 92 ಮೈಲಿ, ಅಂದ್ರೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಸೀದಾ ಕೋಲಾರದ ಚಿನ್ನದ ಗಣಿಗೆ ಕೊಟ್ರು. ಅವತ್ತಿಗೆ ಜಗತ್ತಿನಲ್ಲೇ ತುಂಬ ಉದ್ದದ ಲೈನುಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು ಮೂರು ವರ್ಷ ಆದ್ಮೇಲೆ, 1905ರಲ್ಲಿ.

ಗಣಿ ನಡೆಸ್ತಿದ್ದಿದ್ದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. ಷೇರುದಾರರು ಅಲ್ಲಿ, ಲಾಭಾಂಶ ಅಲ್ಲಿ. ಮೈಸೂರಿಗೆ ಸಿಗ್ತಾ ಇದ್ದಿದ್ದು ಅಗೆದ ಚಿನ್ನದ ಮೇಲಿನ ರಾಯಧನ, ಜೊತೆಗೆ ಕರೆಂಟ್ ಬಿಲ್ಲು. ಅದೇನೂ ಚಿಲ್ಲರೆ ಹಣ ಅಲ್ಲ. ಗಣಿಯಿಂದ ಬಂದ ಆದಾಯ ಮೈಸೂರಿನ ಬೊಕ್ಕಸಕ್ಕೆ ದೊಡ್ಡ ಆಸರೆ ಆಗಿತ್ತು.

ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕಿ. ಅದು ಚಿನ್ನವೇ ದುಡ್ಡಾಗಿದ್ದ ಕಾಲ. ಬ್ರಿಟನ್ನಿನ ಪೌಂಡಿನ ಬೆಲೆ ಚಿನ್ನದ ಮೇಲೆ ನಿಂತಿತ್ತು, ನಮ್ಮ ರೂಪಾಯಿಯ ಬೆಲೆ ಪೌಂಡಿನ ಮೇಲೆ ನಿಂತಿತ್ತು. ನಮ್ಮ ಕಾವೇರಿ ನೀರು ಮೇಲಿಂದ ಬಿದ್ದು ಕರೆಂಟು ಮಾಡುತ್ತೆ. ಆ ಕರೆಂಟು ನಮ್ಮ ನೆಲದಿಂದ ಚಿನ್ನ ಎತ್ತುತ್ತೆ. ಆ ಚಿನ್ನ ಹಡಗು ಹತ್ತಿ ಬೇರೆ ದೇಶದ ನಾಣ್ಯಕ್ಕೆ ಬಲ ಕೊಡುತ್ತೆ. ಕೊನೆಗೆ ಅದೇ ನಾಣ್ಯದ ಲೆಕ್ಕದಲ್ಲಿ ನಾವು ಸಾಲ ತಗೊಳ್ತೀವಿ, ಯಂತ್ರ ಕೊಳ್ತೀವಿ. ಮೊದಲ ಪ್ರಶ್ನೆಗೆ, ಶಕ್ತಿ ಯಾರದು ಅಂದ್ರೆ, ಉತ್ತರ ನಮ್ಮದು. ಎರಡನೇ ಪ್ರಶ್ನೆಗೆ, ದುಡ್ಡು ಯಾರದು ಅಂದ್ರೆ, ಉತ್ತರ ಲಂಡನ್.

ಈಗ ಎಣ್ಣೆ ಇರೋ ಆದ್ರೆ ಎಣ್ಣೆಯ ಬೆಲೆ ತಾನೇ ಬರೆಯೋಕಾಗದ ದೇಶಗಳ ಕಥೆ ಓದ್ತೀವಲ್ಲ, ಅದರ ಹಳೇ ಪ್ರತಿ ಇದು. ನೆಲದಡಿ ಸಂಪತ್ತು ಇರೋದು ಬೇರೆ, ಅದರ ಮೇಲೆ ಹಿಡಿತ ಇರೋದು ಬೇರೆ.

ಚಿನ್ನದಿಂದ ಕಬ್ಬಿಗೆ

ಆದ್ರೆ ಈ ಕಥೆಗೆ ಇನ್ನೊಂದು ಮುಖ ಇದೆ. ಅದನ್ನ ಹೇಳದಿದ್ರೆ ಮೈಸೂರಿಗೆ ಅನ್ಯಾಯ ಮಾಡಿದ ಹಾಗೆ.

ಬೇಸಿಗೆಯಲ್ಲಿ ಕಾವೇರಿ ಸೊರಗ್ತಿತ್ತು, ಕರೆಂಟು ಕಮ್ಮಿ ಆಗ್ತಿತ್ತು. ಗಣಿಯವರಿಗೆ ವರ್ಷವಿಡೀ ಕರೆಂಟು ಬೇಕು. ಮೇಲ್ಗಡೆ ಒಂದು ಜಲಾಶಯ ಕಟ್ಟಿ ನೀರು ನಿಲ್ಲಿಸಿದ್ರೆ ಗಣಿಗೂ ಕರೆಂಟು, ರೈತರಿಗೂ ನೀರು ಅಂತ ವಾದ ಮುಂದಿಟ್ಟವರು ಅವತ್ತಿನ ಚೀಫ್ ಎಂಜಿನಿಯರ್ ಎಂ. ವಿಶ್ವೇಶ್ವರಯ್ಯ. ಕನ್ನಂಬಾಡಿ ಕಟ್ಟೆ 1911ರಲ್ಲಿ ಶುರುವಾಗೋಕೆ ಗಣಿಯ ಕರೆಂಟ್ ಬೇಡಿಕೆ ಒಂದು ದೊಡ್ಡ ಕಾರಣ. ಆಮೇಲೂ ಅಣೆಕಟ್ಟಿನ ಎತ್ತರ ಎಷ್ಟಿರಬೇಕು ಅನ್ನೋದನ್ನ ಮೈಸೂರು ಒಂಟಿಯಾಗಿ ತೀರ್ಮಾನ ಮಾಡೋ ಹಾಗಿರಲಿಲ್ಲ. ಮದ್ರಾಸ್ ತಕರಾರು, 1914ರ ಮಧ್ಯಸ್ಥಿಕೆ ತೀರ್ಪು, ಮತ್ತೆ ಮೇಲ್ಮನವಿ, ಕೊನೆಗೆ 1924ರ ಒಪ್ಪಂದ.

ಕಟ್ಟೆ ಎದ್ದ ಮೇಲೆ ಕಾಲುವೆ ಬಂತು. ಹುಲಿಕೆರೆ ಹತ್ತಿರ ಸುರಂಗ ಕೊರೆದು ತಂದ ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ. ಮಂಡ್ಯ, ಮದ್ದೂರು, ಮಳವಳ್ಳಿ ಮೂರಕ್ಕೂ ಹಸಿರು ತಂದಿದ್ದು ಇದೇ. ನೀರು ಬಂದ ಮೇಲೆ ಕಬ್ಬು. ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ, ಕೆನಡಾ ಮೂಲದ ಲೆಸ್ಲಿ ಕೋಲ್ಮನ್ ಅವರ ಒತ್ತಾಸೆಯಿಂದ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ, ನಮ್ಮ ಮೈಶುಗರ್, ಹುಟ್ಟಿತು. ಅದರ ಜೊತೆಗೇ ಕಾಕಂಬಿಯಿಂದ ಸ್ಪಿರಿಟ್ ತೆಗೆಯೋ ಡಿಸ್ಟಿಲರಿ.

ಸರಪಳಿ ನೋಡಿ. ಚಿನ್ನಕ್ಕಾಗಿ ಕರೆಂಟು, ಕರೆಂಟಿಗಾಗಿ ಕಟ್ಟೆ, ಕಟ್ಟೆಯಿಂದ ಕಾಲುವೆ, ಕಾಲುವೆಯಿಂದ ಕಬ್ಬು. ಲಂಡನ್ನಿನ ಕಂಪನಿಗೆ ಬೇಕಾಗಿದ್ದ ಒಂದು ಸೌಲಭ್ಯವನ್ನ ಹಿಡ್ಕೊಂಡು ಮೈಸೂರು ತನ್ನ ರೈತರಿಗೆ ನೂರು ವರ್ಷ ಬಾಳೋ ಆಸ್ತಿ ಮಾಡಿಕೊಂಡಿತು. ಕೋಲಾರದ ಗಣಿಯಿಂದ ಒಟ್ಟು ಸುಮಾರು 800 ಟನ್ ಚಿನ್ನ ಬಂತು, 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು. ನಾಲೆಯಲ್ಲಿ ನೀರು ಈಗಲೂ ಹರೀತಿದೆ. ನೆಲದಡಿಯ ಸಂಪತ್ತನ್ನ ನೆಲದ ಮೇಲಿನ ಸಂಪತ್ತಾಗಿ ಯಾರು ಬದಲಾಯಿಸ್ಕೊಳ್ತಾರೋ ಅವರು ಉಳ್ಕೊಳ್ತಾರೆ.

ಶಿವಪುರದ ಬಾವುಟ

ಇದರ ನಡುವೆ, 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ ಅಧಿವೇಶನ ನಡೀತು. ಬಾವುಟ ಹಾರಿಸಬಾರದು ಅಂತ ಸರ್ಕಾರದ ನಿಷೇಧ ಇತ್ತು. ಟಿ. ಸಿದ್ಧಲಿಂಗಯ್ಯ ಅವರ ನೇತೃತ್ವದಲ್ಲಿ ಸಾವಿರಾರು ಜನರ ಮುಂದೆ ತ್ರಿವರ್ಣ ಬಾವುಟ ಏರಿತು, ನಾಯಕರು ಜೈಲಿಗೆ ಹೋದ್ರು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗುಂಡು ಹಾರಿ ಜನ ಸತ್ರು. ಆಮೇಲೆ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಸರ್ದಾರ್ ಪಟೇಲ್ ನಡುವೆ ಒಪ್ಪಂದ ಆಗಿ, ಎರಡು ಬಾವುಟಗಳೂ ಒಟ್ಟಿಗೆ ಹಾರಬಹುದು ಅಂತಾಯ್ತು. ಮದ್ದೂರಿನ ಹೆದ್ದಾರಿ ಪಕ್ಕ ಸತ್ಯಾಗ್ರಹ ಸೌಧ ಇದೆ. ವಡೆಗೆ ಗಾಡಿ ನಿಲ್ಲಿಸೋರು ಒಂದು ಸಲ ಅಲ್ಲೂ ನಿಲ್ಲಿಸಿ.

ಬಾವುಟಕ್ಕಾಗಿ ಜನ ಜೀವ ಕೊಟ್ಟಿದ್ದು ಸುಮ್ಮನೆ ಅಲ್ಲ. ಬಾವುಟ ಇಲ್ಲದೆ ಮುಂದಿನ ಯಾವ ಲೆಕ್ಕವೂ ಶುರುವಾಗಲ್ಲ. ಆದ್ರೆ ಬಾವುಟ ಏರಿದ ದಿನವೇ ಲೆಕ್ಕದ ಪುಸ್ತಕ ನಮ್ಮ ಕೈಗೆ ಬರಲ್ಲ. 1947ರಲ್ಲಿ ನಮಗೆ ಸ್ವಾತಂತ್ರ್ಯ ಬಂದಾಗ, ಎರಡನೇ ಮಹಾಯುದ್ಧಕ್ಕೆ ನಾವು ಒದಗಿಸಿದ ಸರಕಿನ ಬಾಕಿ ನೂರು ಕೋಟಿಗೂ ಹೆಚ್ಚು ಪೌಂಡ್ ಲಂಡನ್ನಿನಲ್ಲಿ ಕೂತಿತ್ತು. ಅದನ್ನ ಬೇಕಾದಾಗ ಬೇಕಾದಷ್ಟು ತೆಗೆಯೋಕೆ ಆಗ್ತಿರಲಿಲ್ಲ, ಕಂತಿನಲ್ಲಿ ಬಿಡಿಸ್ಕೊಬೇಕಿತ್ತು. 1949ರಲ್ಲಿ ಪೌಂಡ್ ಬೆಲೆ ಇಳಿಸಿದಾಗ ರೂಪಾಯಿಯೂ ಜೊತೆಗೇ ಇಳೀತು: ಒಂದು ಡಾಲರಿಗೆ 3.31 ಇದ್ದಿದ್ದು 4.76 ಆಯ್ತು.

ಕಬ್ಬು ಬೆಳೆಯೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮನೇಲೂ ಕಬ್ಬು ಇದೆ. ಒಂದು ವರ್ಷ ಕಾರ್ಖಾನೆಗೆ ಕಬ್ಬು ಹಾಕಿ ಬಿಲ್ಲಿಗೆ ತಿಂಗಳುಗಟ್ಟಲೆ ಕಾದಿದ್ದೀವಿ. ಬಾಕಿ ಇರೋದು ನಮಗೇ, ಆದ್ರೆ ಯಾವಾಗ ಬರುತ್ತೆ ಅಂತ ಹೇಳೋರು ಅವರು. ಆ ಕಾಯೋ ಅವಧಿಯಲ್ಲಿ ಬಡ್ಡಿ ಕಟ್ಟೋರು ನಾವು. 1947ರ ಭಾರತ ಲಂಡನ್ನಿನ ಮುಂದೆ ಹೆಚ್ಚುಕಡಿಮೆ ಇದೇ ಸ್ಥಿತಿಯಲ್ಲಿತ್ತು.

ಕೊಲ್ಲಿಯಲ್ಲಿ ನಮ್ಮ ರೂಪಾಯಿ ನಡೀತಿತ್ತು

ಈಗ ಎಣ್ಣೆಗೆ ಬರೋಣ. ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ. ಕುವೈತ್, ಬಹ್ರೇನ್, ಕತಾರ್, ದುಬೈ, ಒಮಾನ್, ಇಲ್ಲೆಲ್ಲ ಒಂದು ಕಾಲದಲ್ಲಿ ನಮ್ಮ ರೂಪಾಯಿ ನಡೀತಿತ್ತು. ಬ್ರಿಟಿಷ್ ಇಂಡಿಯಾದ ಕಾಲದ ವ್ಯಾಪಾರ ಸಂಬಂಧದಿಂದ ಬಂದ ವಾಡಿಕೆ ಅದು, ಸ್ವಾತಂತ್ರ್ಯ ಬಂದ ಮೇಲೂ ಮುಂದುವರೀತು. ದುಬೈ ಸಂತೆಯಲ್ಲಿ ಖರ್ಜೂರಕ್ಕೆ ಕೊಡ್ತಾ ಇದ್ದಿದ್ದು ನಮ್ಮ ರಿಸರ್ವ್ ಬ್ಯಾಂಕ್ ನೋಟು.

ಹಾಗಾದ್ರೆ ಅದು ಕೈತಪ್ಪಿದ್ದು ಹೇಗೆ? ಚಿನ್ನದಿಂದ. ನಮ್ಮಲ್ಲಿ ಚಿನ್ನದ ಆಮದಿಗೆ ಕಡಿವಾಣ ಇತ್ತು, ಬೆಲೆ ಜಾಸ್ತಿ ಇತ್ತು. ಕಳ್ಳಸಾಗಣೆದಾರರು ಕೊಲ್ಲಿಯಿಂದ ಚಿನ್ನ ತಂದು ಇಲ್ಲಿ ಮಾರೋರು, ರೂಪಾಯಿ ನೋಟುಗಳನ್ನ ಹೊತ್ಕೊಂಡು ವಾಪಸ್ ಹೋಗೋರು. ಅಲ್ಲಿನ ಬ್ಯಾಂಕುಗಳು ಆ ನೋಟನ್ನ ನಮ್ಮ ರಿಸರ್ವ್ ಬ್ಯಾಂಕಿಗೆ ಕೊಟ್ಟು ಪೌಂಡ್ ಕೇಳೋರು. ಹೀಗೆ ನಮ್ಮ ವಿದೇಶಿ ವಿನಿಮಯ ಸೋರಿಹೋಗ್ತಿತ್ತು. 1959ರಲ್ಲಿ ಸರ್ಕಾರ ಕಾನೂನು ತಿದ್ದಿ ಕೊಲ್ಲಿಗೆ ಅಂತಲೇ ಬೇರೆ ಬಣ್ಣದ ನೋಟು ಹೊರಡಿಸಿತು. ಅದೇ ಗಲ್ಫ್ ರೂಪಾಯಿ.

1961ರಲ್ಲಿ ಕುವೈತ್, 1965ರಲ್ಲಿ ಬಹ್ರೇನ್ ತಮ್ಮದೇ ದಿನಾರ್ ಮಾಡ್ಕೊಂಡವು. 1966ರ ಜೂನ್ 6ಕ್ಕೆ ನಾವು ರೂಪಾಯಿ ಬೆಲೆಯನ್ನ ಡಾಲರಿಗೆ 4.76ರಿಂದ 7.50ಕ್ಕೆ ಇಳಿಸಿದ್ವಿ. ಬೆಳಿಗ್ಗೆ ಎದ್ದು ನೋಡಿದ್ರೆ ದುಬೈ ವ್ಯಾಪಾರಿಯ ಪೆಟ್ಟಿಗೆಯಲ್ಲಿದ್ದ ದುಡ್ಡಿನ ಬೆಲೆಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಾಯ. ತೀರ್ಮಾನ ಆಗಿದ್ದು ದೆಹಲಿಯಲ್ಲಿ, ನಷ್ಟ ಆಗಿದ್ದು ದುಬೈಯಲ್ಲಿ. ಕತಾರ್, ದುಬೈ ಕೂಡಲೇ ನಮ್ಮ ರೂಪಾಯಿ ಬಿಟ್ಟವು, ಒಮಾನ್ ಇನ್ನೂ ನಾಲ್ಕು ವರ್ಷ ಇಟ್ಕೊಂಡಿತ್ತು.

ಇದರಲ್ಲಿ ಒಂದು ಪಾಠ ಇದೆ. 1881ರಲ್ಲಿ ಬೇರೆಯವರ ನಾಣ್ಯ ಬಳಸ್ತಿದ್ದವರು ನಾವು. 1966ರಲ್ಲಿ ಬೇರೆಯವರು ಬಳಸ್ತಿದ್ದ ನಾಣ್ಯ ನಮ್ಮದು. ಆಗ ಅವರ ಜಾಗದಲ್ಲಿ ನಿಂತು ನಾವು ಯೋಚಿಸಲಿಲ್ಲ. ಎಣ್ಣೆ ದುಡ್ಡು ಹರಿಯೋಕೆ ಶುರುವಾಗೋ ಹೊತ್ತಿಗೆ ಸರಿಯಾಗಿ ಆ ಬಾಗಿಲು ಮುಚ್ಚಿಹೋಯ್ತು.

ಎಣ್ಣೆ ಯಾಕೆ ಡಾಲರಲ್ಲಿ?

1944ರ ಬ್ರೆಟನ್ ವುಡ್ಸ್ ಒಪ್ಪಂದದಲ್ಲಿ ಒಂದು ಔನ್ಸ್ ಚಿನ್ನಕ್ಕೆ 35 ಡಾಲರ್ ಅಂತ ನಿಗದಿ ಆಗಿತ್ತು, ಉಳಿದ ದೇಶಗಳ ದುಡ್ಡು ಡಾಲರಿಗೆ ಕಟ್ಟಿಕೊಂಡಿತ್ತು. 1971ರ ಆಗಸ್ಟ್ 15ರಂದು ಅಧ್ಯಕ್ಷ ನಿಕ್ಸನ್ ಟಿವಿಯಲ್ಲಿ ಬಂದು, ಇನ್ಮೇಲೆ ಡಾಲರ್ ಕೊಟ್ರೆ ಚಿನ್ನ ಕೊಡಲ್ಲ ಅಂದ್ರು. ತಾರೀಖು ನೋಡಿ, ನಮ್ಮ ಸ್ವಾತಂತ್ರ್ಯ ದಿನ.

1973ರ ಅಕ್ಟೋಬರಿನ ಅರಬ್-ಇಸ್ರೇಲ್ ಯುದ್ಧದ ನಂತರ ಕಚ್ಚಾತೈಲ ಒಂದು ಬ್ಯಾರೆಲ್ಲಿಗೆ 3 ಡಾಲರ್ ಆಸುಪಾಸಿನಿಂದ 12ರ ಹತ್ತಿರಕ್ಕೆ ಹಾರಿತು. ಸೌದಿಯಲ್ಲಿ ಡಾಲರ್ ಗುಡ್ಡೆ ಬಿತ್ತು. ಅದನ್ನ ಎಲ್ಲಿ ಇಡೋದು? 1974ರಲ್ಲಿ ಅಮೆರಿಕ ಮತ್ತು ಸೌದಿ ಆರ್ಥಿಕ ಸಹಕಾರಕ್ಕೆ ಜಂಟಿ ಆಯೋಗ ಮಾಡಿಕೊಂಡವು. ಎಣ್ಣೆ ಮಾರಿದ ದುಡ್ಡು ಅಮೆರಿಕ ಸರ್ಕಾರದ ಸಾಲಪತ್ರಗಳಿಗೆ ಹೋಯ್ತು, ಅಮೆರಿಕದ ಆಯುಧ, ರಕ್ಷಣೆ ಸೌದಿಗೆ ಬಂತು.

2024ರ ಜೂನ್‌ನಲ್ಲಿ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಒಂದು ಫಾರ್ವರ್ಡ್ ಬಂದಿರಬಹುದು: ‘50 ವರ್ಷದ ಪೆಟ್ರೋಡಾಲರ್ ಒಪ್ಪಂದ ಮುಗೀತು, ಡಾಲರ್ ಕಥೆ ಖಲಾಸ್’ ಅಂತ. ಎಣ್ಣೆಯನ್ನ ಡಾಲರಲ್ಲೇ ಮಾರಬೇಕು, 50 ವರ್ಷಕ್ಕೆ ಮುಗಿಯುತ್ತೆ ಅನ್ನೋ ಒಪ್ಪಂದ ಇರಲೇ ಇಲ್ಲ. ಡಾಲರ್ ನಡೀತಿರೋದು ಕಾಗದದ ಸಹಿಯಿಂದ ಅಲ್ಲ, ಅಭ್ಯಾಸದಿಂದ. ಎಲ್ಲರೂ ತಗೊಳ್ತಾರೆ ಅನ್ನೋ ನಂಬಿಕೆಯಿಂದ ಎಲ್ಲರೂ ತಗೊಳ್ತಾರೆ. ಸಹಿ ಹಾಕಿದ ಒಪ್ಪಂದವನ್ನ ಹರಿದುಹಾಕಬಹುದು. ಅಭ್ಯಾಸ ಬಿಡಿಸೋದು ಅದಕ್ಕಿಂತ ಕಷ್ಟ.

ನಮಗೆ ಇದರಿಂದ ಏನು? ಒಂದು ಸಣ್ಣ ಉದಾಹರಣೆ. ಬ್ಯಾರೆಲ್ ಅಂದ್ರೆ 159 ಲೀಟರ್. ಬೆಲೆ 80 ಡಾಲರ್, ಡಾಲರಿಗೆ 80 ರೂಪಾಯಿ ಅಂತಿಟ್ಕೊಳ್ಳಿ. ಒಂದು ಬ್ಯಾರೆಲ್ಲಿಗೆ 6,400 ರೂಪಾಯಿ. ಎಣ್ಣೆ ಬೆಲೆ ಒಂದು ಪೈಸೆಯೂ ಏರದೆ ರೂಪಾಯಿ ಮಾತ್ರ 85ಕ್ಕೆ ಇಳಿದ್ರೆ? 6,800. ಅರಬ್ ದೇಶದವರು ಏನೂ ಮಾಡಿಲ್ಲ, ಆದ್ರೂ ನಮಗೆ 400 ರೂಪಾಯಿ ಜಾಸ್ತಿ. ನಮ್ಮ ಕಚ್ಚಾತೈಲದಲ್ಲಿ 85 ಪರ್ಸೆಂಟಿಗಿಂತ ಹೆಚ್ಚು ಆಮದು. ಅಂದ್ರೆ ನಾವು ಎರಡು ಬೆಲೆಗೆ ತಲೆಬಾಗಬೇಕು: ಎಣ್ಣೆಯ ಬೆಲೆ, ಡಾಲರಿನ ಬೆಲೆ.

1991: ಮನೆ ಚಿನ್ನ ಅಡವಿಟ್ಟ ವರ್ಷ

ಬಿ.ಕಾಂ ಓದುವಾಗ ‘ಪಾವತಿ ಬಾಕಿ ಬಿಕ್ಕಟ್ಟು’ ಅನ್ನೋದು ಪರೀಕ್ಷೆಗೆ ಬರೋ ಒಂದು ಪ್ರಶ್ನೆ, ಅಷ್ಟೆ. ಇದನ್ನ ಮನೆ ಮಾತಿನಲ್ಲಿ ಹೇಳ್ತೀನಿ, ಕೇಳಿ.

1990ರ ಆಗಸ್ಟಿನಲ್ಲಿ ಇರಾಕ್ ಕುವೈತಿಗೆ ನುಗ್ಗಿತು. ಎಣ್ಣೆ ಬೆಲೆ ಏರಿತು. ಕುವೈತ್‌ನಲ್ಲಿ ದುಡೀತಿದ್ದ ನಮ್ಮವರು, ಒಂದೂವರೆ ಲಕ್ಷಕ್ಕೂ ಹೆಚ್ಚು ಜನ, ಬರಿಗೈಯಲ್ಲಿ ವಾಪಸ್ ಬಂದ್ರು; ಅವರು ಊರಿಗೆ ಕಳಿಸ್ತಿದ್ದ ಡಾಲರೂ ನಿಂತುಹೋಯ್ತು. ಸಾಲ ಆಗಲೇ ತುಂಬ ಇತ್ತು. 1991ರ ನಡುಭಾಗಕ್ಕೆ ದೇಶದ ಕೈಯಲ್ಲಿದ್ದ ಡಾಲರ್ ಎರಡು-ಮೂರು ವಾರದ ಆಮದಿಗೆ ಮಾತ್ರ ಸಾಕಾಗೋಷ್ಟು.

ಮನೇಲಿ ಕಷ್ಟ ಬಂದಾಗ ಅಮ್ಮಂದಿರು ಏನು ಮಾಡ್ತಾರೆ? ಬೀರು ತೆಗೀತಾರೆ. ದೇಶವೂ ಅದನ್ನೇ ಮಾಡ್ತು. ಮೇ ತಿಂಗಳಲ್ಲಿ ಮುಟ್ಟುಗೋಲು ಹಾಕಿದ್ದ ಚಿನ್ನದಲ್ಲಿ 20 ಟನ್, ವಾಪಸ್ ಕೊಂಡುಕೊಳ್ಳೋ ಷರತ್ತಿನ ಮೇಲೆ ಸ್ವಿಸ್ ಬ್ಯಾಂಕಿಗೆ ಹೋಯ್ತು. ಜುಲೈನಲ್ಲಿ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನ ವಿಮಾನದಲ್ಲಿ ಹೊರಗೆ ಹೋಗಿ ಬ್ಯಾಂಕ್ ಆಫ್ ಇಂಗ್ಲೆಂಡ್, ಬ್ಯಾಂಕ್ ಆಫ್ ಜಪಾನ್ ಹತ್ತಿರ ಅಡವಿಗೆ ಕೂತಿತು. ಸಿಕ್ಕ ಸಾಲ ಸುಮಾರು 40 ಕೋಟಿ ಡಾಲರ್. ಅದೇ ಜುಲೈ ಮೊದಲ ವಾರದಲ್ಲಿ ಎರಡು ಕಂತಿನಲ್ಲಿ ರೂಪಾಯಿ ಬೆಲೆ ಇಳೀತು. ಐಎಂಎಫ್ ಸಾಲದ ಜೊತೆಗೆ ಷರತ್ತುಗಳೂ ಬಂದ್ವು.

ಆ ವರ್ಷ ಕೋಲಾರದ ಗಣಿ ಇನ್ನೂ ತೆರೆದೇ ಇತ್ತು, ನಷ್ಟದಲ್ಲಿ ಕುಂಟುತ್ತಾ. 1902ರಲ್ಲಿ ನಮ್ಮ ಚಿನ್ನ ಲಂಡನ್ನಿಗೆ ಹೋಯ್ತು, ಯಾಕಂದ್ರೆ ಗಣಿಯ ಮಾಲೀಕರು ಅವರು. 1991ರಲ್ಲೂ ನಮ್ಮ ಚಿನ್ನ ಲಂಡನ್ನಿಗೆ ಹೋಯ್ತು. ಈ ಸಲ ಮಾಲೀಕರು ನಾವೇ. ಬಾವುಟ ನಮ್ಮದೇ, ಟಂಕಸಾಲೆ ನಮ್ಮದೇ, ಸಹಿಯೂ ನಮ್ಮದೇ. ಆದ್ರೆ ಚಕ್ರ ತಿರುಗಿಸೋ ಎಣ್ಣೆ ನಮ್ಮದಾಗಿರಲಿಲ್ಲ, ಅದಕ್ಕೆ ಕೊಡೋ ದುಡ್ಡನ್ನ ನಾವು ಮುದ್ರಿಸೋಕೆ ಆಗ್ತಿರಲಿಲ್ಲ.

ಅಡವಿಟ್ಟ ಚಿನ್ನವನ್ನ ಅದೇ ವರ್ಷದ ಕೊನೆಗೆ ಬಿಡಿಸ್ಕೊಂಡ್ವಿ. 2009ರಲ್ಲಿ ರಿಸರ್ವ್ ಬ್ಯಾಂಕ್ ಐಎಂಎಫ್‌ನಿಂದಲೇ 200 ಟನ್ ಚಿನ್ನ ಕೊಂಡಿತು. ಬ್ರಿಟನ್ನಿನಲ್ಲಿ ಇಟ್ಟಿದ್ದ ಚಿನ್ನದಲ್ಲಿ ಸುಮಾರು 100 ಟನ್ ದೇಶಕ್ಕೆ ವಾಪಸ್ ಬಂದ ಸುದ್ದಿಯನ್ನ 2024ರಲ್ಲಿ ನೀವೂ ಓದಿರ್ತೀರಾ. 1991ರ ಬಿಸಿ ತಟ್ಟಿದವರು ಬೀರು ಬೀಗದ ಕೈಯನ್ನ ಸೊಂಟದಲ್ಲೇ ಇಟ್ಕೊಳ್ತಾರೆ.

ಮಂಗಳೂರಿನಲ್ಲಿ ಒಂದು ಬಾಗಿಲು

ಡಾಲರ್ ಬಿಟ್ಟು ಕೊಳ್ಳೋಕೆ ಆಗಲ್ವಾ? ಪ್ರಯತ್ನ ನಮ್ಮ ಕರ್ನಾಟಕದಲ್ಲೇ ನಡೆದಿದೆ. ಮಂಗಳೂರಿನ ಎಂಆರ್‌ಪಿಎಲ್ ಇರಾನಿನ ಎಣ್ಣೆಯ ದೊಡ್ಡ ಗಿರಾಕಿ ಆಗಿತ್ತು. 2012ರಿಂದ ಇರಾನ್ ಬಿಲ್ಲಿನ ಒಂದು ಭಾಗವನ್ನ ಕೋಲ್ಕತ್ತಾದ ಯೂಕೋ ಬ್ಯಾಂಕಿನಲ್ಲಿ ರೂಪಾಯಿಯಲ್ಲೇ ಕಟ್ಟೋ ವ್ಯವಸ್ಥೆ ಇತ್ತು. ಇರಾನ್ ಆ ರೂಪಾಯಿಯಿಂದ ನಮ್ಮ ಅಕ್ಕಿ, ಔಷಧ ಕೊಳ್ತಿತ್ತು. 2019ರ ಮೇ ತಿಂಗಳಲ್ಲಿ ಅಮೆರಿಕ ವಿನಾಯಿತಿ ನಿಲ್ಲಿಸಿತು, ಇರಾನ್ ಎಣ್ಣೆ ಬರೋದೇ ನಿಂತುಹೋಯ್ತು. ಮಾರೋರು ತಯಾರಿದ್ರು, ಕೊಳ್ಳೋರು ತಯಾರಿದ್ರು, ಬಾಗಿಲು ಹಾಕಿದ್ದು ಮೂರನೆಯವರು.

2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ರಷ್ಯಾದ ಸುಮಾರು 30,000 ಕೋಟಿ ಡಾಲರ್ ಮೀಸಲನ್ನ ಪಾಶ್ಚಾತ್ಯ ದೇಶಗಳು ಸ್ತಂಭನ ಮಾಡಿದ್ವು. ಅದೇ ವರ್ಷ ಜುಲೈನಲ್ಲಿ ನಮ್ಮ ರಿಸರ್ವ್ ಬ್ಯಾಂಕ್ ರೂಪಾಯಿಯಲ್ಲಿ ವಿದೇಶಿ ವ್ಯಾಪಾರಕ್ಕೆ ದಾರಿ ಮಾಡಿತು. 2023ರಲ್ಲಿ ಯುಎಇ ಜೊತೆ ಸ್ಥಳೀಯ ಹಣದ ಒಪ್ಪಂದ ಆಯ್ತು, ಇಂಡಿಯನ್ ಆಯಿಲ್ ಕಂಪನಿ ಅಬುಧಾಬಿಯಿಂದ 10 ಲಕ್ಷ ಬ್ಯಾರೆಲ್ ಎಣ್ಣೆಗೆ ರೂಪಾಯಿಯಲ್ಲೇ ಬಿಲ್ಲು ಕಟ್ಟಿತು. ಆದ್ರೆ ರಷ್ಯಾ ವಿಷಯದಲ್ಲಿ ಒಂದು ತೊಡಕು ಬಂತು. ನಾವು ಅವರಿಂದ ಕೊಳ್ಳೋದು ಬೆಟ್ಟದಷ್ಟು, ಅವರು ನಮ್ಮಿಂದ ಕೊಳ್ಳೋದು ಸಾಸಿವೆಯಷ್ಟು. ರೂಪಾಯಿ ಅವರ ಖಾತೆಯಲ್ಲಿ ಕೂತಿತು, ಅದರಿಂದ ಏನು ಕೊಳ್ಳೋದು ಅಂತ ಅವರಿಗೆ ತಲೆನೋವು. ನಮ್ಮ ದುಡ್ಡು ಹೊರಗೆ ನಡೀಬೇಕು ಅಂದ್ರೆ ನಮ್ಮ ಅಂಗಡೀಲಿ ಅವರಿಗೆ ಬೇಕಾದ ಸಾಮಾನು ಇರಬೇಕು. ಭಾಷಣದಿಂದ ಆಗೋ ಕೆಲಸ ಅಲ್ಲ.

ಮಂಗಳೂರು ಮತ್ತು ಪಾದೂರಿನಲ್ಲಿ ಬಂಡೆ ಕೊರೆದು ಮಾಡಿದ ಗುಹೆಗಳಲ್ಲಿ ಒಟ್ಟು 40 ಲಕ್ಷ ಟನ್ ಕಚ್ಚಾತೈಲ ಹಿಡಿಯುತ್ತೆ. ಕಷ್ಟಕಾಲಕ್ಕೆ ಇಟ್ಟ ದಾಸ್ತಾನು. ಕಣಜದಲ್ಲಿ ರಾಗಿ ಇದ್ರೆ ಸಂತೆಯಲ್ಲಿ ಚೌಕಾಸಿ ಮಾಡೋ ಧೈರ್ಯ ಬರುತ್ತೆ.

ಕಬ್ಬು ಪೆಟ್ರೋಲ್ ಆದಾಗ

ಕೊನೆಗೆ ಮತ್ತೆ ನಮ್ಮ ಗದ್ದೆಗೆ. ಪೆಟ್ರೋಲಿಗೆ ಎಥನಾಲ್ ಬೆರೆಸೋದು ಹೊಸ ಯೋಚನೆ ಅಲ್ಲ. 1948ರಲ್ಲೇ ಭಾರತದಲ್ಲಿ ಪವರ್ ಆಲ್ಕೋಹಾಲ್ ಕಾಯ್ದೆ ಬಂದಿತ್ತು. ಅಗ್ಗದ ಎಣ್ಣೆಯ ಕಾಲದಲ್ಲಿ ಮೂಲೆಗೆ ಬಿತ್ತು. 2003ರಲ್ಲಿ ಮತ್ತೆ ಬೆರಕೆ ಶುರುವಾಗಿ, 2022ಕ್ಕೆ 10 ಪರ್ಸೆಂಟ್, 2025ಕ್ಕೆ 20 ಪರ್ಸೆಂಟ್ ಮುಟ್ಟಿತು. ಹಲವು ವರ್ಷ ನಿಂತಿದ್ದ ಮೈಶುಗರ್ 2022ರಲ್ಲಿ ಮತ್ತೆ ಕಬ್ಬು ಅರೆಯೋಕೆ ಶುರು ಮಾಡ್ತು. ಮಂಡ್ಯದವನಿಗೆ ಇದು ಹೆಮ್ಮೆ ಅನ್ಸುತ್ತೆ: ಉಳಿಸಿದ ಪ್ರತಿ ಡಾಲರಿನಲ್ಲಿ ಕಬ್ಬು ಬೆಳೆಯೋ ನಾಡಿನ ಒಂದು ಜಲ್ಲೆ ಇದೆ.

ಆದ್ರೆ ಲೆಕ್ಕ ಪೂರ್ತಿ ಬರೀಬೇಕು. ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಮ್ಮಿ, ಹಾಗಾಗಿ ಮೈಲೇಜ್ ಸ್ವಲ್ಪ ಬೀಳುತ್ತೆ. ನೀತಿ ಆಯೋಗದ 2021ರ ವರದಿಯ ಪ್ರಕಾರ ಸಕ್ಕರೆಯಿಂದ ಒಂದು ಲೀಟರ್ ಎಥನಾಲ್ ಮಾಡೋಕೆ ಸುಮಾರು 2,860 ಲೀಟರ್ ನೀರು ಬೇಕು. ಆ ನೀರು ಯಾವುದು? ಕಾವೇರಿ. 2018ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಕರ್ನಾಟಕದ ಪಾಲು 284.75 ಟಿಎಂಸಿ. ಮಳೆ ಕೈಕೊಟ್ಟ ವರ್ಷ ಮಂಡ್ಯದ ಸಂಜಯ ಸರ್ಕಲ್‌ನಲ್ಲಿ ಏನು ನಡೆಯುತ್ತೆ ಅಂತ ನಿಮಗೆ ಗೊತ್ತು. 2023ರ ಡಿಸೆಂಬರಿನಲ್ಲಿ ಸಕ್ಕರೆ ಕಮ್ಮಿ ಆಗಬಹುದು ಅಂತ ಕಬ್ಬಿನ ಹಾಲಿನಿಂದ ಎಥನಾಲ್ ಮಾಡೋದಕ್ಕೆ ಕೇಂದ್ರ ಕಡಿವಾಣ ಹಾಕಿತು. ಒಂದು ಆದೇಶ, ಕಾರ್ಖಾನೆಗಳ ಲೆಕ್ಕ ಎಲ್ಲ ತಲೆಕೆಳಗು.

ನಾವು ಡಾಲರ್ ಉಳಿಸ್ತೀವಿ, ನೀರು ಖರ್ಚು ಮಾಡ್ತೀವಿ. ಕೊಲ್ಲಿ ಮೇಲಿನ ಅವಲಂಬನೆ ಕಮ್ಮಿ ಆಗುತ್ತೆ, ಮಳೆ ಮೇಲಿನ ಅವಲಂಬನೆ ಜಾಸ್ತಿ ಆಗುತ್ತೆ. ಇದು ಬೇಡ ಅಂತ ನಾನು ಹೇಳ್ತಿಲ್ಲ. ದೇಶದ ಸ್ವಾವಲಂಬನೆಗೆ ಕಾವೇರಿ ನೀರು ಕೊಡೋ ರೈತನಿಗೆ ಬಿಲ್ಲು ಹೊತ್ತಿಗೆ ಸರಿಯಾಗಿ ಬರಬೇಕು, ಬರಗಾಲದಲ್ಲಿ ಅವನ ಪಾಡೇನು ಅನ್ನೋದು ಆ ಲೆಕ್ಕದ ಪುಸ್ತಕದಲ್ಲೇ ಇರಬೇಕು. ಮೈಸೂರು ಲಂಡನ್ ಕಂಪನಿಯ ಅಗತ್ಯದಿಂದ ರೈತರಿಗೆ ಕಾಲುವೆ ಗಿಟ್ಟಿಸ್ಕೊಂಡಿತ್ತು. ಡಾಲರ್ ಉಳಿಸೋ ದೇಶದ ಅಗತ್ಯದಿಂದ ಇವತ್ತಿನ ರೈತರಿಗೆ ನಾವು ಏನು ಗಿಟ್ಟಿಸ್ಕೊಳ್ತಿದ್ದೀವಿ? ಈ ಪ್ರಶ್ನೆ ಕೇಳಬೇಕಾದವರು ನಾನು, ನೀವು.

ಮುಂದಿನ ಸಲ ‘ರೂಪಾಯಿ ಸಾರ್ವಕಾಲಿಕ ಕುಸಿತ’ ಅಂತ ನೋಟಿಫಿಕೇಶನ್ ಬಂದಾಗ, ಇಲ್ಲಾ ‘ಡಾಲರ್ ಸತ್ತೋಯ್ತು’ ಅಂತ ಫಾರ್ವರ್ಡ್ ಬಂದಾಗ, ಎರಡು ಪ್ರಶ್ನೆ ಕೇಳಿ: ಚಕ್ರ ತಿರುಗಿಸೋದು ಯಾರು, ಬಿಲ್ಲು ಯಾರ ದುಡ್ಡಿನಲ್ಲಿ? ನಿಮ್ಮ ಊರಲ್ಲಿ ಹಳೇ ನಾಣ್ಯ, ಗಲ್ಫ್ ರೂಪಾಯಿ ನೋಟು, ಕೆಜಿಎಫ್‌ನಲ್ಲಿ ದುಡಿದ ಅಜ್ಜಂದಿರ ನೆನಪು ಏನಾದ್ರೂ ಇದ್ರೆ ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.